ತುಂಡು ತೆಗೆದರೆ ಸಸ್ಯಾಹಾರವೆ?

ಮಾಂಸ ತಿನ್ನುವ ನಮ್ಮ ನಡುವೆ ಸಸ್ಯಾಹಾರಿಗಳ ಬಗ್ಗೆ ಓಡಾಡುವ ಮಾತುಗಳನ್ನು ಕೂಡಿಸಿದರೆ ಒಂದು ಸಣ್ಣ ನಿಘಂಟೇ ಆದೀತು. ದಖನಿಯಲ್ಲಿ ಅವರ ಊಟಕ್ಕೆ ‘ಘಾಸ್‌ಫೂಸ್’ ಎನ್ನುತ್ತೇವೆ, ಹುಲ್ಲುಕಡ್ಡಿ ಎಂದರ್ಥ. ಕನ್ನಡದಲ್ಲಿ ‘ಪುಳಿಚಾರು’ ಇದೆ, ‘ಸೊಪ್ಪು ಮೇಯೋರು’ ಇದೆ. ಊಟಕ್ಕೆ ಕೂತವರಲ್ಲಿ ಒಬ್ಬರು ತಮಗೆ ಮಾಂಸ ಬೇಡವೆಂದರೆ ಸಾಕು, ಸಾಲಿನಲ್ಲಿದ್ದವರ ಕಣ್ಣೆಲ್ಲ ಅತ್ತ ತಿರುಗುತ್ತವೆ. ‘ಯಾಕ್ರೀ, ಡಾಕ್ಟರು ಬೇಡ ಅಂದಿದ್ದಾರಾ?’ ಎಂಬುದು ಮೊದಲ ಪ್ರಶ್ನೆ. ಕೊಲೆಸ್ಟರಾಲ್ ಎಂದರೆ ಮಾಫಿ ಉಂಟು. ‘ಇಲ್ಲ, ಒಂದು ಜೀವ ಕೊಂದು ತಿನ್ನುವುದು ಮನಸ್ಸಿಗೆ ಒಗ್ಗುವುದಿಲ್ಲ’ ಎಂದರೆ ಮಾಫಿ ಇಲ್ಲ. ‘ಗಿಡಕ್ಕೂ ಜೀವ ಇದೆ ಅಂತ ಜಗದೀಶ್ಚಂದ್ರ ಬೋಸ್ ಹೇಳಿಲ್ವ?’ ಎಂದು ಯಾರೋ ಒಬ್ಬರು ಎದ್ದು ಬರುತ್ತಾರೆ. ಬೇರೆ ಯಾವ ವಿಷಯದಲ್ಲೂ ವಿಜ್ಞಾನದ ಹೆಸರೆತ್ತದವರಿಗೆ ಬಿರಿಯಾನಿ ತಟ್ಟೆಯ ಮುಂದೆ ಬೋಸರು ನೆನಪಾಗುತ್ತಾರೆ. ಕುರಿ ಕೋಳಿಗಳು ಗಾಳಿ ಕುಡಿದು ಬೆಳೆಯುವುದಿಲ್ಲ, ಅವೂ ಹಸಿರನ್ನೋ ಕಾಳನ್ನೋ ತಿಂದೇ ಬೆಳೆಯುತ್ತವೆ, ಗಿಡದ ಜೀವದ ಲೆಕ್ಕ ಹಿಡಿದರೆ ನಮ್ಮ ಸಾಲವೇ ದೊಡ್ಡದು ಎಂಬುದನ್ನು ಆಗ ಯಾರೂ ಯೋಚಿಸುವುದಿಲ್ಲ.

ನಗು ಹಾಗಿರಲಿ. ಅದಕ್ಕಿಂತ ಕೆಟ್ಟದ್ದು ನಮ್ಮ ಶಾದಿಮಹಲುಗಳಲ್ಲಿ ನಡೆಯುತ್ತದೆ. ಮಾಂಸ ಮುಟ್ಟದ ನೆರೆಯವರೋ, ಕಚೇರಿಯ ಸಹೋದ್ಯೋಗಿಯೋ ಊಟಕ್ಕೆ ಕೂತಾಗ ‘ಇವರಿಗೆ ಬರೀ ಕುಷ್ಕಾ ಹಾಕ್ರಪ್ಪ’ ಎಂಬ ಕೂಗು ಏಳುತ್ತದೆ. ಕುಷ್ಕಾ ಎಂದರೆ ಏನು? ಅನೇಕ ಕಡೆ ಅದು ಅದೇ ದೇಗ್ಚಿಯ, ಅದೇ ಮಸಾಲೆಯ, ಮಾಂಸದ ರಸವನ್ನೇ ಹೀರಿದ ಅನ್ನ. ತುಂಡು ಮಾತ್ರ ಇಲ್ಲ. ಜೊತೆಗೆ ದಾಲ್ಚಾ ಬಡಿಸುತ್ತಾರೆ. ನೋಡಲು ತೊವ್ವೆಯ ಹಾಗೆ, ಸೋರೆಕಾಯಿಯ ಹೋಳುಗಳು ತೇಲುತ್ತಿರುತ್ತವೆ. ಬೆಂದಿರುವುದು ಮಾತ್ರ ಕುರಿಯ ಎಲುಬಿನ ಜೊತೆಗೆ. ಸಂಶಯದಿಂದ ಕೇಳಿದರೆ ‘ತಿನ್ನಿ ಸಾರ್, ಏನೂ ಇಲ್ಲ ಅದರಲ್ಲಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರು ತಿಂದು ಹೋದ ಮೇಲೆ ‘ಪಾಪ, ಗೊತ್ತೇ ಆಗಲಿಲ್ಲ ನೋಡಿ’ ಎಂದು ನಗುವವರೂ ಇದ್ದಾರೆ.

ಇದನ್ನೇ ತಿರುಗಿಸಿ ನೋಡೋಣ. ಪರಊರಿನ ಹೋಟೆಲಿನಲ್ಲಿ ‘ಇದು ಹಲಾಲ್ ಹೌದೆ?’ ಎಂದು ನಾಲ್ಕು ಸಲ ಕೇಳುವವರು ನಾವು. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳಲ್ಲಿ ಜೆಲಾಟಿನ್ ಹುಡುಕುವವರು ನಾವು. ಯಾರಾದರೂ ನಮಗೆ ಹಂದಿಮಾಂಸ ಬೆಂದ ಪಾತ್ರೆಯ ಸಾರನ್ನು ಬಡಿಸಿ, ‘ತುಂಡು ತೆಗೆದಿದ್ದೇವೆ ಮಿಯಾಂ, ತಿನ್ನಿ’ ಎಂದರೆ ಏನಾದೀತು? ಅದನ್ನು ನಾವು ತಮಾಷೆ ಎಂದು ಕರೆಯುತ್ತೇವೆಯೆ? ದ್ರೋಹ ಎನ್ನುತ್ತೇವೆ, ಹಾಗೆನ್ನುವುದು ಸರಿಯೂ ಹೌದು. ಹಾಗಾದರೆ ನಂಬಿ ನಮ್ಮ ದಸ್ತರ್ಖಾನಿಗೆ ಬಂದವರಿಗೆ ನಾವು ಮಾಡುವುದಕ್ಕೆ ಬೇರೆ ಹೆಸರು ಏಕೆ?

ಎಲ್ಲ ಮನೆಗಳೂ ಹೀಗಿಲ್ಲ. ಬೇರೆ ಒಲೆ ಹೂಡಿ, ಸಸ್ಯಾಹಾರದ ಅಡುಗೆಯವರನ್ನು ಕರೆಸಿ, ಬಂದವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಕೂರಿಸುವ ಮನೆಗಳು ಬೇಕಾದಷ್ಟಿವೆ. ಹಳ್ಳಿಗಳಲ್ಲಿ ಹಬ್ಬಕ್ಕೆ ಮಾಂಸ ತಿನ್ನದ ನೆರೆಮನೆಗೆ ಬೇಯಿಸದ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕಳಿಸುವ ಹಿರಿಯರಿದ್ದರು. ಅವರಿಗೆ ಯಾವ ಸೌಹಾರ್ದ ಸಮಿತಿಯೂ ಅದನ್ನು ಕಲಿಸಿರಲಿಲ್ಲ. ಆ ನಡೆ ಕಳೆದುಹೋಗುತ್ತಿರುವ ಕಡೆ ಕುಷ್ಕಾ ಬಂದು ಕೂತಿದೆ.

ಈಗ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ‘ಅವರು ನಮ್ಮ ತಟ್ಟೆಗೆ ಕೈ ಹಾಕುತ್ತಿರುವಾಗ ನಾವು ಅವರ ಮನಸ್ಸು ನೋಯದಂತೆ ನಡೆದುಕೊಳ್ಳಬೇಕೆ?’ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕಿದ ಯಾರಿಗೂ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರಾಮನವಮಿ, ಗಣೇಶ ಚತುರ್ಥಿಗೆ ಮಾಂಸದಂಗಡಿ ಮುಚ್ಚಿಸುವ ಪಾಲಿಕೆಯ ಆದೇಶಗಳನ್ನು ಕಂಡಿದ್ದೇವೆ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆ ಹಸು, ಎತ್ತು, ಕರುಗಳ ಜೊತೆಗೆ 13 ವರ್ಷ ತುಂಬದ ಎಮ್ಮೆ ಕೋಣಗಳನ್ನೂ ಒಳಗೆ ತಂದಿತು. ಕಸಾಯಿಗಳ, ಚರ್ಮದ ಕೆಲಸದವರ ಒಲೆ ಆರಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಡಹೊರಟಾಗ ಕೆಲವು ಮಠಾಧೀಶರು ಅದನ್ನು ವಿರೋಧಿಸಿದರು. 2022ರ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಬಹಿಷ್ಕರಿಸುವ ಅಭಿಯಾನವೇ ನಡೆಯಿತು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿಗೆ ಸೇರಿಸಿ ನಿಷೇಧಿಸಿದಾಗ, ಬಾಡೂಟದ ನಾಡಿನ ಜನ ಕೆರಳಿದ್ದು ಸಹಜವೇ ಆಗಿತ್ತು.

ಇವುಗಳ ಪಕ್ಕದಲ್ಲಿ ನಮ್ಮ ಮದುವೆ ಮನೆಯ ನಗೆಯನ್ನಿಟ್ಟು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಿಷೇಧದ ಹಿಂದೆ ಪೊಲೀಸರಿದ್ದಾರೆ, ಕಾನೂನಿದೆ, ಜಾತಿಯ ಯಜಮಾನಿಕೆಯಿದೆ. ನಮ್ಮ ನಗೆಯ ಹಿಂದೆ ಅದ್ಯಾವುದೂ ಇಲ್ಲ. ಇಷ್ಟನ್ನು ಒಪ್ಪಿಕೊಂಡೇ ಕೇಳುತ್ತೇವೆ: ಆ ನಗೆ ಯಾರಿಗೆ ತಗಲುತ್ತದೆ? ಮಾಂಸದಂಗಡಿ ಮುಚ್ಚಿಸಿದವರು ನಮ್ಮ ಮದುವೆಗೆ ಬರುವುದಿಲ್ಲ. ಹಲಾಲ್ ಬಹಿಷ್ಕಾರದ ಕರಪತ್ರ ಹಂಚಿದವರು ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಬರುವವರು ಯಾರು? ‘ಅವರ ಮನೆಯಲ್ಲಿ ಉಣ್ಣಲು ಹೋಗ್ತೀಯಾ?’ ಎಂದು ತಮ್ಮ ಮನೆಯವರಿಂದಲೇ ಕೇಳಿಸಿಕೊಂಡು, ಆದರೂ ಬಂದವರು. ಊಟದ ಗಡಿಯನ್ನು ದಾಟುವುದು ಈ ದೇಶದಲ್ಲಿ ಎಷ್ಟು ಕಷ್ಟ ಎಂಬುದು ಗೊತ್ತಿದ್ದೂ ದಾಟಿ ಬಂದವರು. ಗಡಿ ಕಟ್ಟಿದವರ ಮೇಲಿನ ಸಿಟ್ಟನ್ನು ಗಡಿ ದಾಟಿ ಬಂದವರ ಎಲೆಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಸಸ್ಯಾಹಾರವೆಲ್ಲ ಒಂದೇ ಎಂದು ತಿಳಿದಿರುವುದು ಈ ಗೊಂದಲದ ಮೂಲ. 2014ರ ಸರ್ಕಾರಿ ಸಮೀಕ್ಷೆಯೊಂದರ ಪ್ರಕಾರ 15 ವರ್ಷ ದಾಟಿದ ಕನ್ನಡಿಗರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಸ್ಯಾಹಾರಿಗಳು. ಅವರೆಲ್ಲ ನಮ್ಮ ತಟ್ಟೆ ಕಸಿಯಲು ಹೊರಟವರೆ? ಮುಟ್ಟಿದರೆ ಮೈಲಿಗೆ ಎಂದು ಬೇರೆ ಪಂಕ್ತಿ ಹಾಕುವ ಸಸ್ಯಾಹಾರ ಒಂದಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಧರ್ಮ ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುವ ದಾಸೋಹದ ಸಸ್ಯಾಹಾರವೂ ಇದೆ. ಎರಡರಲ್ಲೂ ಇರುವುದು ಅನ್ನ ಸಾರೇ. ಒಂದು ಎಲೆ ಮನುಷ್ಯನನ್ನು ದೂರ ಕೂರಿಸುತ್ತದೆ, ಇನ್ನೊಂದು ಹತ್ತಿರ ಕರೆಯುತ್ತದೆ. ನಮ್ಮ ಜಗಳ ಇರಬೇಕಾದದ್ದು ದೂರ ಕೂರಿಸುವುದರ ಜೊತೆಗೆ. ಸಾರಿನ ಜೊತೆಗೆ ನಮಗೇನು ಜಗಳ?

ಇನ್ನೊಂದು ಮಾತು. ಮುಸ್ಲಿಮನೆಂದರೆ ಮೂರು ಹೊತ್ತೂ ಮಾಂಸ ತಿನ್ನುವವನು ಎಂಬ ಚಿತ್ರವನ್ನು ಬರೆದವರು ಬೇರೆಯವರು. ಅದನ್ನು ಹೆಮ್ಮೆಯಿಂದ ಎದೆಗೆ ಅಂಟಿಸಿಕೊಂಡಿರುವವರು ನಾವು. ‘ಗೋಷ್ತ್ ಇಲ್ಲದ ಊಟ ಒಂದು ಊಟವೆ?’ ಎಂದು ಮೀಸೆ ತಿರುವುವ ಮುನ್ನ ನಮ್ಮ ಅಡುಗೆಮನೆಗಳಿಗೆ ಒಮ್ಮೆ ಹೋಗಿ ಬರಬೇಕು. ಬೀಡಿ ಕಟ್ಟುವ, ಹಮಾಲಿ ಮಾಡುವ, ಗಾಡಿ ತಳ್ಳುವ ನಮ್ಮವರ ಮನೆಗಳಲ್ಲಿ ವಾರದ ಎಷ್ಟು ದಿನ ಮಾಂಸ ಬೇಯುತ್ತದೆ? ಮಟನ್ನಿನ ಇಂದಿನ ಬೆಲೆಗೆ ಶುಕ್ರವಾರವೋ ಭಾನುವಾರವೋ ಒಂದು ದಿನ ಬೆಂದರೆ ಅದೇ ಹಬ್ಬ. ಉಳಿದ ದಿನಗಳಲ್ಲಿ ಮನೆಯನ್ನು ಸಾಕುವುದು ಖಟ್ಟಿ ದಾಲ್, ಖಿಚಡಿ, ಪುಂಡಿಸೊಪ್ಪು, ಬದನೆಕಾಯಿಯ ಬಗಾರ. ಮಾಂಸ ಬೆಂದ ದಿನವೂ ತುಂಡುಗಳೆಲ್ಲ ಗಂಡಸರಿಗೆ, ಮಕ್ಕಳಿಗೆ ಹೋಗಿ, ಕಡೆಗೆ ಕೂತ ಹೆಂಗಸಿನ ಪಾಲಿಗೆ ಉಳಿಯುವುದು ರಸ ಮಾತ್ರ. ಹೀಗೆ ನಮ್ಮ ತಾಯಂದಿರು ಜೀವನವಿಡೀ ತಿಂದು ಬದುಕಿದ್ದನ್ನೇ ನಾವು ‘ಘಾಸ್‌ಫೂಸ್’ ಎಂದು ಕರೆಯುತ್ತಿದ್ದೇವೆ.

ದೀನಿನ ಹೆಸರಿನಲ್ಲಿಯೂ ಈ ಅಹಂಕಾರಕ್ಕೆ ಆಧಾರವಿಲ್ಲ. ಹಲಾಲ್ ಎಂದರೆ ತಿನ್ನಬಹುದು ಎಂದರ್ಥ. ತಿನ್ನಲೇಬೇಕು ಎಂದು ಯಾವ ಮೌಲವಿಯೂ ಹೇಳುವುದಿಲ್ಲ. ಪ್ರವಾದಿಯವರು ಯಾವ ಆಹಾರವನ್ನೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂದು ಹದೀಸ್ ಗ್ರಂಥಗಳು ಹೇಳುತ್ತವೆ. ಒಮ್ಮೆ ಅವರ ಮುಂದೆ ಸುಟ್ಟ ಉಡವನ್ನು ತಂದಿಟ್ಟಾಗ ಅವರು ಕೈ ಹಿಂದೆಗೆದರು. ಇದು ನಿಷಿದ್ಧವೆ ಎಂದು ಕೇಳಿದಾಗ, ಇಲ್ಲ, ನನ್ನ ಜನರ ನಾಡಿನಲ್ಲಿ ಇದು ಇರಲಿಲ್ಲ, ಹಾಗಾಗಿ ಒಗ್ಗುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಪಕ್ಕದಲ್ಲಿದ್ದ ಖಾಲಿದ್ ಬಿನ್ ವಲೀದರು ಅವರ ಎದುರಿನಲ್ಲೇ ಅದನ್ನು ತಿಂದರು. ತಿನ್ನದವರು ತಿನ್ನುವವರನ್ನು ತಡೆಯಲಿಲ್ಲ, ತಿನ್ನುವವರು ತಿನ್ನದವರನ್ನು ಒತ್ತಾಯಿಸಲಿಲ್ಲ. ಒಂದೇ ಹರಿವಾಣದ ಮುಂದೆ ಇಬ್ಬರಿಗೂ ಜಾಗವಿತ್ತು.

ಮಾಂಸ ಬಿಡುವುದೆಂದರೆ ಹಿಂದೂಗಳ ಅನುಕರಣೆ ಎನ್ನುವವರಿಗೆ ಅಬುಲ್ ಅಲಾ ಅಲ್ ಮಅರ್ರಿಯ ಹೆಸರು ತಿಳಿದಿರಬೇಕು. 973ರಲ್ಲಿ ಸಿರಿಯಾದ ಮಅರ್ರಾ ಊರಿನಲ್ಲಿ ಹುಟ್ಟಿದ ಈ ಅಂಧ ಅರಬಿ ಕವಿ ಮಾಂಸವನ್ನಷ್ಟೇ ಅಲ್ಲ, ಹಾಲು, ಮೊಟ್ಟೆ, ಜೇನನ್ನೂ ಬಿಟ್ಟು ದಶಕಗಳ ಕಾಲ ಬದುಕಿದ. ಏಕೆ ಹೀಗೆ ಎಂದು ಫಾತಿಮಿ ವಿದ್ವಾಂಸ ಅಲ್ ಮುಅಯ್ಯದ್ ಅಲ್ ಶೀರಾಝಿ ಅವನಿಗೆ ಪತ್ರ ಬರೆದು ವಾದಿಸಿದ, ಕವಿ ಉತ್ತರಿಸಿದ. ಸಾವಿರ ವರ್ಷದ ಹಿಂದೆ ಈ ವಿಷಯಕ್ಕೆ ಪತ್ರಗಳಲ್ಲಿ ಚರ್ಚೆ ನಡೆಯಿತು. ಉರ್ದು ಓದಿದ ನಮಗೆ ಮಅರ್ರಿ ಸಿಕ್ಕುವುದು ಇಕ್ಬಾಲರ ‘ಬಾಲೆ ಜಿಬ್ರೀಲ್’ ಸಂಕಲನದ ಪದ್ಯವೊಂದರಲ್ಲಿ. ಅಲ್ಲಿ ಮಾಂಸ ತಿನ್ನದ ಈ ಕವಿ ತನ್ನ ಮುಂದೆ ಬಂದ ಹುರಿದ ಹಕ್ಕಿಗೆ, ನೀನು ಗಿಡುಗವಾಗದೆ ದುರ್ಬಲವಾಗಿದ್ದುದೇ ನಿನ್ನ ತಪ್ಪು ಎನ್ನುತ್ತಾನೆ. ಇಕ್ಬಾಲರು ಸೋತು ಕೂತ ಸಮುದಾಯವನ್ನು ಎಬ್ಬಿಸಲು ಹೊರಟಿದ್ದರು, ನಿಜ. ಆದರೆ ನಾವು ಅದರಿಂದ ಕಲಿತದ್ದು ದುರ್ಬಲನಿಗೆ ಶಿಕ್ಷೆಯೇ ಸರಿ ಎಂಬುದನ್ನು. ಈ ದೇಶದಲ್ಲಿ ಗಿಡುಗ ಯಾರು, ಹಕ್ಕಿ ಯಾರು ಎಂದು ನೋಡಿದ ಮೇಲೂ ಆ ನೀತಿಯನ್ನು ತಲೆದೂಗಿ ಒಪ್ಪಲು ನಮಗೆ ಸಾಧ್ಯವೆ? 2013ರಲ್ಲಿ ಸಿರಿಯಾದ ಉಗ್ರರು ಮಅರ್ರಿಯ ಪ್ರತಿಮೆಯ ತಲೆ ಕಡಿದರು. ತಮ್ಮಂತಿಲ್ಲದವರನ್ನು ಸಹಿಸದವರಿಗೆ ಸತ್ತು ಸಾವಿರ ವರ್ಷವಾದ ಕವಿಯೂ ಕಣ್ಣಿನ ಕಸವೇ.

ಈಗ ಮಅರ್ರಿಯ ಹಾಗೆ ಹಾಲನ್ನೂ ಬಿಡುವ ತರುಣ ತರುಣಿಯರು ನಮ್ಮ ನಗರಗಳಲ್ಲಿ ಕಾಣತೊಡಗಿದ್ದಾರೆ. ವೀಗನ್ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಇವರನ್ನು ಕಂಡರೆ ನಮ್ಮಲ್ಲಿ ಒಂದು ಅಪರೂಪದ ಐಕ್ಯ ಮೂಡುತ್ತದೆ: ಮಾಂಸಾಹಾರಿ, ಸಸ್ಯಾಹಾರಿ ಇಬ್ಬರೂ ಸೇರಿ ನಗುತ್ತಾರೆ. ಹಾಲಿಲ್ಲದ ಚಹಾ ಕೇಳಿದವನು ಇಡೀ ಹೋಟೆಲಿಗೆ ತಮಾಷೆಯ ವಸ್ತು. ರಂಜಾನಿನ ಶೀರ್ ಖುರ್ಮಾ ಬೇಡವೆಂದ ಮಗಳು ತಲೆಕೆಟ್ಟವಳು. ಆದರೆ ಅವರು ಕೇಳುವ ಪ್ರಶ್ನೆ ಏನು? ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಹುಟ್ಟಿದ ಗಂಡುಕರು ಎಲ್ಲಿ ಹೋಗುತ್ತದೆ? ಹಾಲು ಬತ್ತಿದ ಹಸು ಎಲ್ಲಿ ಹೋಗುತ್ತದೆ? 2023-24ರಲ್ಲಿ ಸುಮಾರು 23.9 ಕೋಟಿ ಟನ್ ಹಾಲು ಉತ್ಪಾದಿಸಿದ, ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿರುವ ದೇಶ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕಸಾಯಿಯ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತದೆ. ಗೋವಿನ ಹೆಸರಿನಲ್ಲಿ ನಮ್ಮನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸಿರುವ ಕಾಲದಲ್ಲಿ ಹಾಲಿನ ಲೋಟದ ಲೆಕ್ಕವನ್ನೂ ಕೇಳುತ್ತಿರುವವರು ಇವರು. ಇವರ ಮಾತನ್ನೆಲ್ಲ ಒಪ್ಪಬೇಕಾಗಿಲ್ಲ. ಮಳೆಯಿಲ್ಲದ ಬಯಲುಸೀಮೆಯಲ್ಲಿ ನಾಲ್ಕು ಆಡು, ಒಂದು ಎಮ್ಮೆಯನ್ನು ನಂಬಿ ಬದುಕುವ ವಿಧವೆಗೆ ನೀವು ಏನು ಹೇಳುತ್ತೀರಿ ಎಂದು ನಾವು ಅವರನ್ನು ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು. ವಾದ ಮಾಡುವುದು ಮನುಷ್ಯನಿಗೆ ಕೊಡುವ ಮರ್ಯಾದೆ. ಘಾಸ್‌ಫೂಸ್ ಎಂದು ನಕ್ಕುಬಿಟ್ಟರೆ ಆ ಮರ್ಯಾದೆ ಇಬ್ಬರಿಗೂ ಉಳಿಯುವುದಿಲ್ಲ.

ಶಾಲೆಯ ಮೊಟ್ಟೆಯ ಗಲಾಟೆಗೆ ಸಿಕ್ಕ ಪರಿಹಾರ ಸರಳವಾಗಿತ್ತು: ಬೇಕಾದ ಮಗುವಿಗೆ ಮೊಟ್ಟೆ, ಬೇಡದ ಮಗುವಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ, ಇಬ್ಬರಿಗೂ ಒಂದೇ ಸಾಲು. ಆಗ ನಾವೆಲ್ಲ ಇದನ್ನು ಬೆಂಬಲಿಸಿ ಮಾತಾಡಿದೆವು, ಬರೆದೆವು. ಊಟ ಅವರವರ ಇಷ್ಟ ಎಂದೆವು. ಅದೇ ಮಾತನ್ನು ನಮ್ಮ ಶಾದಿಮಹಲಿಗೂ ತರಬೇಕು. ಅಲ್ಲಿ ತರದೆ ಹೋದರೆ ಸರ್ಕಾರದ ಮುಂದೆ, ಪಾಲಿಕೆಯ ಮುಂದೆ, ಸಮ್ಮೇಳನದ ಮುಂದೆ ನಾವು ಎತ್ತುವ ದನಿಗೆ ಬಲ ಬರುವುದಿಲ್ಲ. ಇದಕ್ಕೆ ಹೆಚ್ಚೇನೂ ಬೇಕಾಗಿಲ್ಲ. ಮಾಂಸ ಮುಟ್ಟದ ಒಂದು ಪಾತ್ರೆ, ಅದಕ್ಕೆ ಬೇರೆ ಸೌಟು, ದಾಲ್ಚಾದಲ್ಲಿ ಎಲುಬು ಬಿದ್ದಿದ್ದರೆ ಬಿದ್ದಿದೆ ಎಂದು ಹೇಳುವ ಬಡಿಸುವವರು, ಮತ್ತು ‘ಯಾಕೆ ತಿನ್ನಲ್ಲ?’ ಎಂದು ಕೇಳದೆ ‘ಇನ್ನೊಂದಿಷ್ಟು ಹಾಕಲಾ?’ ಎಂದು ಕೇಳುವ ಮನೆಯ ಯಜಮಾನರು ಇದ್ದರೆ ಸಾಕು.