ಚರ್ಮದಲ್ಲಿರುವ ಸಕ್ಕರೆಯ ಹಳೆಯ ಲೆಕ್ಕ

ಸೂಜಿ ಚುಚ್ಚದೆ, ಚರ್ಮದ ಮೇಲೆ ಬೆಳಕು ಹಾಯಿಸಿ ಮಧುಮೇಹವನ್ನು ಅಳೆಯಬಹುದೇ ಎಂದು ಉತ್ತರಹಳ್ಳಿಯ ಸದ್ಭಕ್ತರು ನಮ್ಮನ್ನು ಕೇಳುವುದುಂಟು. ಅಳೆಯುವ ಉಪಕರಣವಿದೆ, ಆದರೆ ಅದು ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ರಕ್ತದಲ್ಲಿ ಹೆಚ್ಚಾದ ಸಕ್ಕರೆಯು ದೇಹದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನಗಳಾದ್ದರಿಂದ ಎಚ್‌ಬಿಎ1ಸಿ ಪರೀಕ್ಷೆಯು ಕಳೆದ 2–3 ತಿಂಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ಚರ್ಮದ ಕೊಲ್ಯಾಜೆನ್ ವರ್ಷಾನುಗಟ್ಟಲೆ ಉಳಿಯುವುದರಿಂದ ಅದರಲ್ಲಿ ಹಳೆಯ ಸಕ್ಕರೆಯ ಗುರುತುಗಳೂ ಸಂಚಯಗೊಂಡಿರುತ್ತವೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ನಗರದಲ್ಲಿ ರೂಪುಗೊಂಡ ಉಪಕರಣವು ಮುಂದೋಳಿನ ಮೇಲೆ ನೇರಳಾತೀತ ಬೆಳಕನ್ನು ಬೀರಿ, ಚರ್ಮ ಹೊಮ್ಮಿಸುವ ಹೊಳಪಿನಿಂದ ಅವುಗಳನ್ನು ಅಂದಾಜಿಸುತ್ತದೆ. ಹೃದಯ, ಮೂತ್ರಪಿಂಡ, ನರಗಳಿಗೆ ಒದಗಬಹುದಾದ ಅಪಾಯವನ್ನು ಊಹಿಸಲು ಇದು ಸಹಾಯಕ.

ಆದರೆ ವಯಸ್ಸು, ಧೂಮಪಾನ, ಮೂತ್ರಪಿಂಡದ ರೋಗಗಳೂ ಈ ಅಂಕಿಯನ್ನು ಏರಿಸುತ್ತವೆ. ಮೇಲಾಗಿ, ಕಪ್ಪು ಚರ್ಮವು ಬೆಳಕನ್ನು ಹೀರಿಕೊಳ್ಳುವುದರಿಂದ ಅಳತೆಯೇ ತಪ್ಪಬಹುದು. ಬಿಳಿಯ ಚರ್ಮದವರಲ್ಲಿ ನಿಗದಿಯಾದ ಮಾನದಂಡವನ್ನು ಬಿಸಿಲಲ್ಲಿ ದುಡಿದ ನಮ್ಮ ಕೈಗಳಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು.

ಪ್ರಮೇಹದಲ್ಲಿ ಚರ್ಮದ ಮೇಲೆ ಏಳುವ ಪಿಡಕೆಗಳನ್ನು ಚರಕ, ಸುಶ್ರುತರಿಬ್ಬರೂ ವಿವರಿಸಿದ್ದಾರೆ. ಆದರೂ ರೋಗನಿರ್ಣಯಕ್ಕೆ ಮೂತ್ರದ ಲಕ್ಷಣವನ್ನೇ ಪ್ರಧಾನವಾಗಿ ಹಿಡಿದರು. ಆ ವಿವೇಕ ಇಂದಿಗೂ ಸಲ್ಲುತ್ತದೆ.

ಚರ್ಮದ ಅಳತೆಯು ಹಿಂದಿನ ವರ್ಷಗಳ ಸಾಕ್ಷಿಯೇ ಹೊರತು ಇಂದಿನ ಸಕ್ಕರೆಯ ಪ್ರಮಾಣವಲ್ಲ ಎಂಬುದು ನಮ್ಮ ಅಭಿಪ್ರಾಯ. ಅದನ್ನು ನಂಬಿ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಕಡಿಮೆ ಮಾಡಬಾರದು. ಆಯುರ್ವೇದದ ಔಷಧಿ ಸೇವಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ವೈದ್ಯರು ಹೇಳಿದ ಅವಧಿಗೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣು, ಪಾದ ಮತ್ತು ಮೂತ್ರದ ತಪಾಸಣೆ ತಪ್ಪದಿರಲಿ. ಒಂದು ಹನಿ ರಕ್ತಕ್ಕೆ ಅಂಜಿ ದೃಷ್ಟಿಯನ್ನೋ ಕಾಲನ್ನೋ ಕಳೆದುಕೊಳ್ಳುವುದು ಬೇಡ.