ಬೆರಳಿನ ಲೆಕ್ಕ



ಶೇಕಡಾವಾರು ಲೆಕ್ಕವನ್ನು ಮಾವಿನಹಣ್ಣು, ಸಾಲ, ಬಡ್ಡಿಗಳ ಮೂಲಕ ನಿಮಗೆ ಕಲಿಸಿದವನು ನಾನು. ಮನುಷ್ಯನ ಕೈಗೂ ಅಂಥದೊಂದು ಕೋಷ್ಟಕವಿದೆಯೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಅನುಸೂಚಿಯ ಪ್ರಕಾರ, ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಒಂದು ಕೈಯ ನಾಲ್ಕು ಬೆರಳುಗಳಿಗೆ 50.

ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೂ ಇಂಥ ಕೋಷ್ಟಕ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಪರಿಹಾರವು ಮಾಲೀಕನ ದಯೆಯಾಗುತ್ತದೆ, ದಯೆಗೆ ಕೋಷ್ಟಕವಿಲ್ಲ.

ಬೆಂಗಳೂರಿನ ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆಗಳಲ್ಲಿ ಪವರ್ ಪ್ರೆಸ್ ಎಂಬ ಯಂತ್ರವನ್ನು ನೋಡಿದವರು ಬಲ್ಲರು. ಕೆಲಸಗಾರನು ತಗಡಿನ ತುಂಡನ್ನು ಅಚ್ಚಿನ ನಡುವೆ ಕೈಯಿಂದ ಇಡಬೇಕು, ಕೈ ಹಿಂತೆಗೆದು ಕಾಲಿನಿಂದ ಪೆಡಲ್ ಒತ್ತಬೇಕು. ಮೇಲಿನ ಅಚ್ಚು ಬಡಿದು ಮೇಲೇಳುತ್ತದೆ. ಪಾಳಿಯುದ್ದಕ್ಕೂ ಸಾವಿರಾರು ಸಲ ಇದೇ ಕ್ರಿಯೆ. ಒಮ್ಮೆ ಕಾಲು ಮುಂದಾಗಿ ಕೈ ಹಿಂದಾದರೆ ಮುಗಿಯಿತು. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಚಲಿಸುವ ಏರ್ಪಾಡು, ಕೈ ಅಡ್ಡ ಬಂದರೆ ಯಂತ್ರವನ್ನು ತಡೆಯುವ ಸೆನ್ಸರ್, ಇವೆಲ್ಲ ಹೊಸ ಸಂಶೋಧನೆಗಳಲ್ಲ. ಅಪಾಯಕರ ಭಾಗಗಳಿಗೆ ರಕ್ಷಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಮು ವಿಧಿಸಿತ್ತು. ಹಾಗಿದ್ದೂ ಅಪಘಾತವಾದೊಡನೆ ಕೇಳಿಬರುವ ಮೊದಲ ಮಾತು ‘ಅವನದೇ ಅಜಾಗರೂಕತೆ’ ಎಂಬುದು. ಸಾವಿರ ಸಲದಲ್ಲಿ ಒಮ್ಮೆ ತಪ್ಪುವುದು ಮನುಷ್ಯಸ್ವಭಾವ. ಅದನ್ನು ಲೆಕ್ಕಕ್ಕೆ ಹಿಡಿಯದ ಯಂತ್ರವನ್ನು ಓಡಿಸುವುದೇ ನಿಜವಾದ ಅಜಾಗರೂಕತೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಥ ಯಂತ್ರದಲ್ಲಿ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಂಡನು. ಮಾಲೀಕರು ಆಸ್ಪತ್ರೆಯ ಖರ್ಚು ವಹಿಸಿ, ಕೆಲವು ಸಾವಿರ ರೂಪಾಯಿ ಕೊಟ್ಟು, ‘ತಪ್ಪು ನನ್ನದೇ, ಮುಂದೆ ಏನನ್ನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. “ಸಹಿ ಮಾಡಿದ ಮೇಲೆ ಮುಗಿಯಿತಲ್ಲ ಮೇಷ್ಟ್ರೇ” ಎಂದನು. ಮುಗಿಯುವುದಿಲ್ಲವಪ್ಪಾ ಎಂದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂದು ಆ 1923ರ ಕಾಯಿದೆಯೇ ಸಾರಿತ್ತು. ಬರಿಯ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವ ಕಾರಣವೂ ಅಲ್ಲ. ಕುಡಿದಿದ್ದರೆ, ಸುರಕ್ಷತೆಯ ಆದೇಶವನ್ನು ಅಥವಾ ರಕ್ಷಣಾ ಸಾಧನವನ್ನು ಉದ್ದೇಶಪೂರ್ವಕವಾಗಿ ಕಡೆಗಣಿಸಿದ್ದರೆ ಮಾತು ಬೇರೆ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅಪಘಾತದ ಹೊಣೆ ಮಾಲೀಕನದೆಂಬ ಮೂಲತತ್ತ್ವ ಉಳಿದುಕೊಂಡಿದೆ.

ಸಣ್ಣ ಮಾಲೀಕರ ಕಷ್ಟವನ್ನೂ ನಾನು ಬಲ್ಲೆ. ದೊಡ್ಡ ಕಂಪನಿ ಬಿಡಿಭಾಗದ ದರವನ್ನು ಕುಗ್ಗಿಸುತ್ತದೆ, ಗಡುವನ್ನು ಬಿಗಿಗೊಳಿಸುತ್ತದೆ. ಬೆರಳು ಹೋದ ಸುದ್ದಿ ಮಾತ್ರ ಅದರ ಗೇಟಿನೊಳಗೆ ಪ್ರವೇಶಿಸುವುದಿಲ್ಲ. ಆದರೆ ಇ.ಎಸ್.ಐ. ನೋಂದಣಿಯನ್ನು ತಪ್ಪಿಸುವುದಕ್ಕೆ ಇದು ಸಬೂಬಲ್ಲ. ಮಾಲೀಕರ ವಂತಿಗೆಯನ್ನು 2019ರ ಜುಲೈಯಲ್ಲಿ ಸಂಬಳದ ನೂರಕ್ಕೆ 4.75ರಿಂದ 3.25ಕ್ಕೆ ಇಳಿಸಲಾಯಿತು. ವಿಮೆಯಿದ್ದರೆ ಗಾಯಾಳುವಿಗೆ ನಿಗಮವೇ ಹಣ ಕೊಡುತ್ತದೆ, ಮಾಲೀಕನೂ ಪಾರಾಗುತ್ತಾನೆ. ಹೀಗಿದ್ದೂ, ಅಪಘಾತವಾದ ಮೇಲೆ ಓಡಿಹೋಗಿ ಹೆಸರು ಬರೆಸುವ ಪದ್ಧತಿ ಇದೆ. ಹರಿಯಾಣದ ವಾಹನ ಬಿಡಿಭಾಗ ಕಾರ್ಖಾನೆಗಳ ಗಾಯಾಳುಗಳ ಬಗ್ಗೆ ‘ಸೇಫ್ ಇನ್ ಇಂಡಿಯಾ’ ಸಂಸ್ಥೆ 2019ರಿಂದ ಹೊರತರುತ್ತಿರುವ ವರದಿಗಳಲ್ಲಿ ಇದನ್ನು ಕಾಣಬಹುದು.

ಕೋಷ್ಟಕದ ಬಗ್ಗೆ ಒಂದು ಮಾತು ಉಳಿಯಿತು. ಕೆಲಸದ ವೇಳೆ ಬಿದ್ದು ಎಡಗೈಯನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣ 1975ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲವಾದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂಬ ತೀರ್ಮಾನವನ್ನು ನ್ಯಾಯಾಲಯ ಎತ್ತಿಹಿಡಿಯಿತು. ದೇಹದಲ್ಲಿ ಎಷ್ಟು ಹೋಯಿತು ಎಂಬುದಲ್ಲ, ಅವನ ಕಸುಬಿನಲ್ಲಿ ಎಷ್ಟು ಉಳಿಯಿತು ಎಂಬುದೇ ಪ್ರಶ್ನೆ.

ನಿಮ್ಮಲ್ಲಿ ವರ್ಕ್‌ಶಾಪು ನಡೆಸುವವರು ಮೂವರೋ ನಾಲ್ವರೋ ಇದ್ದೀರಿ. ನಿಮ್ಮ ಪ್ರೆಸ್ಸುಗಳಿಗೆ ಸೆನ್ಸರ್ ಇದೆಯೇ, ಇದ್ದರೆ ಚಾಲೂ ಇದೆಯೇ ಎಂಬುದನ್ನು ನಾಳೆ ಬೆಳಿಗ್ಗೆ ನೋಡಿ ನನಗೆ ಒಂದು ಸಾಲು ಬರೆಯಿರಿ.