ಪುಸ್ತಕದೊಳಗೊಂದು ಹಾರುವ ಓತಿ

ಒಂಬತ್ತನೇ ತರಗತಿಗೆ ಚಲನೆಯ ನಿಯಮ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎಂದೂ ಇಲ್ಲದ ಶ್ರದ್ಧೆಯಿಂದ ವಿಜ್ಞಾನ ಪುಸ್ತಕದಲ್ಲಿ ಮುಳುಗಿದ್ದ. ಅಷ್ಟು ಶ್ರದ್ಧೆ ಕಂಡರೆ ಮಾಷ್ಟ್ರಿಗೆ ಅನುಮಾನ ಬಾರದಿರುತ್ತದೆಯೇ? ಹೋಗಿ ನೋಡಿದರೆ ಒಳಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಕಿತ್ತುಕೊಂಡು ಮೇಜಿನ ಮೇಲಿಟ್ಟೆ.

ಆಮೇಲೆ ನಾಚಿಕೆಯಾಯಿತು. 1980ರಲ್ಲಿ ಬಂದ ಆ ಕಾದಂಬರಿಯನ್ನು ಹೈಸ್ಕೂಲಿನಲ್ಲಿ ನಾನೂ ಹೀಗೆಯೇ ಕದ್ದು ಓದಿದವನು. ಅದಕ್ಕೂ ಮೊದಲು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ, ಚಿಮಿಣಿ ಎಣ್ಣೆ ಸುಟ್ಟದ್ದಕ್ಕೆ ಅಜ್ಜನಿಂದ ಬೈಸಿಕೊಂಡದ್ದೂ ಉಂಟು. ಆದರೆ ಪತ್ತೇದಾರಿಯಲ್ಲಿ ಕಳ್ಳ ಸಿಕ್ಕಿದರೆ ಪುಸ್ತಕ ಮುಗಿಯಿತು. ‘ಕರ್ವಾಲೊ’ ಹಾಗಲ್ಲ. ಜೇನಿನ ಹುಚ್ಚಿನ ಮಂದಣ್ಣ, ಅವನ ಮದುವೆಯ ಪಜೀತಿ, ಕಿವಿ ಎಂಬ ನಾಯಿ, ಅಡುಗೆಯ ಪ್ಯಾರ – ಇವರೊಂದಿಗೆ ನಗುತ್ತ ನಗುತ್ತ ಕಾಡಿನೊಳಗೆ ಎಷ್ಟು ದೂರ ಬಂದೆವೆಂದೇ ತಿಳಿಯುವುದಿಲ್ಲ. ಕಡೆಗೆ ಹಾರುವ ಓತಿ ಕಣ್ಣೆದುರೇ ತೇಲಿ ಹೋಗಿಬಿಡುತ್ತದೆ. ಕೈಗೆ ಏನೂ ಸಿಕ್ಕದಿದ್ದರೂ ಮೋಸವಾಯಿತೆಂದು ಯಾವ ಹುಡುಗನೂ ದೂರಿದ್ದನ್ನು ನಾನು ಕೇಳಿಲ್ಲ. ಊರವರು ದಂಡಪಿಂಡವೆಂದುಕೊಂಡ ಮಂದಣ್ಣನನ್ನು ವಿಜ್ಞಾನಿಯೊಬ್ಬ ಹುಟ್ಟಾ ನಿಸರ್ಗಜ್ಞ ಎನ್ನುತ್ತಾನಲ್ಲ, ಹಿಂದಿನ ಬೆಂಚಿಗೆ ಅದಕ್ಕಿಂತ ರೋಚಕವಾದ ಸುದ್ದಿ ಬೇರೇನಿದೆ?

ಸಂಜೆ ಪುಸ್ತಕ ವಾಪಸು ಕೊಡುವಾಗ ಹುಡುಗ ಬೈಗುಳಕ್ಕೆ ತಯಾರಾಗಿ ನಿಂತಿದ್ದ.

“ಹೇಗುಂಟು ಮಾರಾಯ?” ಎಂದೆ.

“ಲಾಯ್ಕುಂಟು ಸಾರ್. ಆದ್ರೆ ಅವರು ಅಷ್ಟು ದೂರ ಕಾಡಿಗೆ ಹೋದ್ದು ಯಾಕೆ? ಅದು ನಮ್ಮ ತೋಟದಲ್ಲೇ ಉಂಟಲ್ಲ!”

ಹೌದು, ನಮ್ಮ ಮಿಜಾರಿನ ಕಡೆಯ ಅಡಿಕೆ ತೋಟಗಳಲ್ಲಿ ಅದು ಉಂಟು. ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಕೊಡೆಕಡ್ಡಿಯ ಹಾಗೆ ಚರ್ಮವನ್ನು ಬಿಡಿಸುತ್ತವೆ, ಅದು ಹಾರುವುದಲ್ಲ, ತೇಲುವುದು ಎಂದು ವರ್ಷವರ್ಷವೂ ಪಾಠ ಹೇಳಿದವನು ನಾನು. ಹತ್ತಿರದಿಂದ ಕಂಡವನಲ್ಲ. ಅಪ್ಪನೊಂದಿಗೆ ಮದ್ದು ಬಿಡಲು ಹೋಗುವ ಇವನಿಗೆ ಅದು ಇರುವೆಯ ಸಾಲಿನ ಪಕ್ಕದಲ್ಲೇ ಕೂರುತ್ತದೆಂಬುದೂ, ಗಂಡು ಗಂಟಲಡಿಯ ಹಳದಿ ತೊಗಲನ್ನು ಬಾವುಟದಂತೆ ಚಾಚುತ್ತದೆಂಬುದೂ ಗೊತ್ತು. ಕಳೆದ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನಾನು ಅವನಿಗೆ ಕೊಟ್ಟದ್ದು 100ಕ್ಕೆ 19.

ಭಾನುವಾರ ಅವರ ತೋಟಕ್ಕೆ ಹೋದೆ. ಒಂದು ಗಂಟೆ ಕಾದೆವು. “ಅಗೊ” ಎಂದು ಬೆರಳು ತೋರಿಸಿದ. ನನಗೆ ಕಂಡದ್ದು ಬರೀ ಮರದ ತೊಗಟೆ. ಮರುಕ್ಷಣ ಆ ತೊಗಟೆಯ ಚೂರೇ ರೆಕ್ಕೆ ಬಿಚ್ಚಿ ಆಚೆಯ ಮರಕ್ಕೆ ತೇಲಿತು.

ಹಿಂದಿರುಗುವಾಗ ಕೇಳಿದ, “ಸಾರ್, ನಿಮ್ಮತ್ರ ‘ಜುಗಾರಿ ಕ್ರಾಸ್’ ಉಂಟಾ?”

ಉಂಟು, 1994ರದ್ದು, ರಟ್ಟು ಹೋಗಿದೆ. ಗಣಿತದ ಪೀರಿಯಡ್ಡಿನಲ್ಲಿ ತೆರೆಯಬಾರದೆಂಬ ಷರತ್ತಿನ ಮೇಲೆ ಮೊನ್ನೆ ಕೊಟ್ಟಿದ್ದೇನೆ.